ಮನೆಯ ಕಳ್ಳತನ ಅಲಾರಂ: ವಿನ್ಯಾಸ ಯೋಜನೆ

ಮನೆಗೆ ಯಾರಾದರೂ ಅಕ್ರಮವಾಗಿ ನುಗ್ಗಿದಾಗ ಕೂಗಿ ತಿಳಿಸುವ ವ್ಯವಸ್ಥೆಯಲ್ಲಿ ಯಾವ ಸೆನ್ಸರ್ ಎಲ್ಲಿರಬೇಕು, ಯಾವುದು ಯಾವ ಹೊತ್ತಿನಲ್ಲಿ ಎಚ್ಚರವಾಗಿರಬೇಕು ಎಂದು ಮೊದಲೇ ಗೊತ್ತುಪಡಿಸುವ ಕೆಲಸ. ಅಮೆರಿಕದ ಅಗಸ್ಟಸ್ ರಸೆಲ್ ಪೋಪ್ 1853ರಲ್ಲಿ ಪೇಟೆಂಟ್ ಪಡೆದ ಅಲಾರಂನಲ್ಲಿ ಬಾಗಿಲು ತೆರೆದರೆ ವಿದ್ಯುನ್ಮಂಡಲ ಕೂಡಿಕೊಂಡು ಗಂಟೆ ಬಾರಿಸುತ್ತಿತ್ತು. ಈಗಿನ ತಂತಿ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗು: ಮಂಡಲ ಸದಾ ಕೂಡಿಕೊಂಡಿರುತ್ತದೆ, ಕಡಿದರೆ ಸೈರನ್ ಕೂಗುತ್ತದೆ. ಹಾಗಾಗಿ ತಂತಿ ಕತ್ತರಿಸಿದವನೂ ಸಿಕ್ಕಿಬೀಳುತ್ತಾನೆ. ಎರಡು ತಂತಿಗಳನ್ನು ನಡುವೆ ಸೇರಿಸಿ ಮೋಸ ಮಾಡುವುದನ್ನು ಹಿಡಿಯಲು ಸೆನ್ಸರ್ ಇರುವ ತುದಿಯಲ್ಲಿ ಒಂದು ರೆಸಿಸ್ಟರ್ ಬೇಕು. ಸುಲಭವೆಂದು ಅದನ್ನು ಕಂಟ್ರೋಲ್ ಪ್ಯಾನೆಲ್‌ನೊಳಗೇ ಕೂರಿಸಿದರೆ ಇದ್ದೂ ಇಲ್ಲದಂತೆ.

ಮನೆಯ ನಕ್ಷೆಯಲ್ಲಿ ಮೊದಲು ಗುರುತಿಸಬೇಕಾದದ್ದು ಒಳಬರುವ ದಾರಿಗಳು. ಬಾಗಿಲಿನ ಸೆನ್ಸರ್‌ನ ಅಯಸ್ಕಾಂತವನ್ನು ರೆಕ್ಕೆಗೂ ಸ್ವಿಚ್ಚನ್ನು ಚೌಕಟ್ಟಿಗೂ, ತಿರುಗಣೆಯ ಕಡೆ ಬಿಟ್ಟು ತೆರೆಯುವ ಅಂಚಿನಲ್ಲಿ ಕೂರಿಸುತ್ತಾರೆ. ಕರ್ನಾಟಕದ ಮನೆಗಳಲ್ಲಿ ಕಿಟಕಿಗೆ ಕಬ್ಬಿಣದ ಸರಳು ಇರುವುದು, ಗಾಳಿಗೆಂದು ಕಿಟಕಿಯನ್ನು ತೆರೆದಿಡುವುದು ವಾಡಿಕೆ. ಅಲ್ಲಿ ಗಾಜು ಒಡೆಯುವ ಸದ್ದಿಗೆ ಕಾಯುವ ಸೆನ್ಸರ್‌ಗೆ ಹಣ ಹಾಕುವುದಕ್ಕಿಂತ ಹಿತ್ತಲ ಬಾಗಿಲು, ತಾರಸಿ ಬಾಗಿಲುಗಳನ್ನು ಭದ್ರಪಡಿಸುವುದು ಲೇಸು. ಹೆಂಚು ಸರಿಸಿ ಇಳಿದವನನ್ನು ಬಾಗಿಲಿನ ಸ್ವಿಚ್ ಕಾಣುವುದೇ ಇಲ್ಲ. ಹೆಂಚಿನ ಮನೆಯಲ್ಲಿ ಒಡವೆಯ ಬೀರು ಇರುವ ಕೋಣೆಗೆ ಚಲನೆಯ ಸೆನ್ಸರ್ ಬೇಕೇ ಬೇಕು.

ದೇಹದ ಶಾಖದಿಂದ ಚಲನೆ ಗುರುತಿಸುವ ಈ ಸೆನ್ಸರ್ (ಪಿಐಆರ್) ತನ್ನತ್ತ ನೇರವಾಗಿ ಬರುವವನಿಗಿಂತ ಅಡ್ಡ ಹಾಯುವವನನ್ನು ಬೇಗ ಹಿಡಿಯುತ್ತದೆ. ಮೂಲೆಯಲ್ಲಿ, ಸುಮಾರು 2ರಿಂದ 2.4 ಮೀಟರ್ ಎತ್ತರದಲ್ಲಿ ಕೂರಿಸುವುದು ರೂಢಿ. ಆ ಶಾಖದ ಕಿರಣ ಕಿಟಕಿ ಗಾಜನ್ನು ದಾಟದ ಕಾರಣ ಒಳಗಿನಿಂದ ಅಂಗಳ ಕಾಯಲು ಇದು ಬಾರದು. ಬಿಸಿಲು ಬೀಳುವ ಜಾಗ, ಒಲೆಯ ಎದುರು, ಎಸಿಯ ಗಾಳಿ ಬೀಸುವ ಕಡೆ ಬೇಡ. ಲೆನ್ಸ್ ಮೇಲೆ ಹಲ್ಲಿ ಹರಿದಾಡಿದರೂ ಸೈರನ್ ಕೂಗಬಹುದು. ಸುಮ್ಮನೆ ಪದೇ ಪದೇ ಕೂಗುವ ಅಲಾರಂಗೆ ನೆರೆಯವರು ಕಿವಿಗೊಡುವುದನ್ನೇ ಬಿಡುತ್ತಾರೆ.

ಸೆನ್ಸರ್‌ಗಳನ್ನು ವಲಯಗಳಾಗಿ ವಿಂಗಡಿಸುವಾಗ ಮನೆಯವರ ಅಭ್ಯಾಸ ತಿಳಿದಿರಬೇಕು. ರಾತ್ರಿ ಬಾಗಿಲುಗಳ ವಲಯವಷ್ಟೇ ಎಚ್ಚರವಾಗಿದ್ದರೆ ನೀರು ಕುಡಿಯಲು ಎದ್ದವರಿಗೆ ತೊಂದರೆಯಿಲ್ಲ. ಊರಿಗೆ ಹೋದಾಗ ಎಲ್ಲವೂ ಎಚ್ಚರ. ಕೀಪ್ಯಾಡ್ ಮುಂಬಾಗಿಲ ಹತ್ತಿರವಿರಬೇಕು, ಒಳಬಂದವರಿಗೆ ಸಂಖ್ಯೆ ಒತ್ತಲು ಅರ್ಧ ನಿಮಿಷದಷ್ಟು ಸಮಯ ಸಿಗಬೇಕು. ಪ್ಯಾನೆಲ್ ಮಾತ್ರ ಕಣ್ಣಿಗೆ ಬೀಳದ ಒಳಕೋಣೆಯಲ್ಲಿರಲಿ. ಕರೆಂಟ್ ಹೋದಾಗಲೂ ನಡೆಯಲು ಬ್ಯಾಟರಿ, ಹೊರಗೋಡೆಯಲ್ಲಿ ಏಣಿಯಿಲ್ಲದೆ ಕೈಗೆಟುಕದ ಸೈರನ್ ಅಗತ್ಯ.

ಅಳವಡಿಸಿದ ಮೇಲೆ ಪ್ರತಿ ಕೋಣೆಯಲ್ಲಿ ನಡೆದಾಡಿ ಸೆನ್ಸರ್‌ಗಳನ್ನು ಪರೀಕ್ಷಿಸಬೇಕು. ಬೀರು, ಪರದೆಗಳ ಜಾಗ ಬದಲಿಸಿದಾಗಲೂ ಈ ಪರೀಕ್ಷೆ ತಪ್ಪದು.