ಬದನೆಯ ವಿವಾದ: ಕುಲಾಂತರಿ ಆಹಾರವೂ ಕೊಳ್ಳುವವರ ಆಯ್ಕೆಯೂ

ಪದಾರ್ಥವನ್ನು ಕೊಳ್ಳುವವನು ತಾನು ಕೊಳ್ಳುವುದೇನೆಂಬುದನ್ನು ಅರಿತು ಕೊಳ್ಳಬೇಕೆಂಬ ನ್ಯಾಯವು ಹೊಸದಲ್ಲ. ತೂಕ, ಅಳತೆ, ಕಲಬೆರಕೆ ಇವುಗಳಿಗೆ ಸಂಬಂಧಪಟ್ಟ ಕಟ್ಟಳೆಗಳೆಲ್ಲವೂ ಈ ನ್ಯಾಯದ ಮೇಲೆಯೇ ನಿಂತಿವೆ. ಹಾಲಿಗೆ ನೀರು ಬೆರೆತರೆ ನಾಲಗೆಯೂ ಅಕ್ಕಿಗೆ ಕಲ್ಲು ಬೆರೆತರೆ ಕಣ್ಣೂ ಅದನ್ನು ಕಂಡುಹಿಡಿಯಬಲ್ಲವು. ಆದರೆ ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ, ಇಂದ್ರಿಯಗಳಿಗೆ ಯಾವ ಭೇದವೂ ತೋರದೆ, ಬೀಜದೊಳಗಿನ ವಂಶವಾಹಿಯಲ್ಲಿ ಮಾತ್ರ ಭೇದವುಳ್ಳ ಆಹಾರವು ಮಾರುಕಟ್ಟೆಗೆ ಬಂದಿತು. ಇದನ್ನು ಕುಲಾಂತರಿ ಆಹಾರವೆಂದು ಕರೆಯುತ್ತಾರೆ. ಕಣ್ಣಿಗೆ ಕಾಣದ ಭೇದವನ್ನು ಕೊಳ್ಳುವವನಿಗೆ ತಿಳಿಸಬೇಕೆ, ತಿಳಿಸುವುದಾದರೆ ಹೇಗೆ ಎಂಬ ಪ್ರಶ್ನೆಗೆ ಬೇರೆ ಬೇರೆ ದೇಶಗಳು ಬೇರೆ ಬೇರೆ ಉತ್ತರಗಳನ್ನು ಕೊಟ್ಟಿವೆ. ೨೦೦೯-೧೦ರಲ್ಲಿ ನಮ್ಮ ದೇಶದಲ್ಲಿ ನಡೆದ ಬದನೆಯ ವಿವಾದವನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಯ ಚರಿತ್ರೆಯನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಪಶ್ಚಿಮ ದೇಶಗಳ ವೃತ್ತಾಂತವನ್ನು ಸಂಕ್ಷೇಪವಾಗಿ ನೋಡಬೇಕು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯು ೧೯೯೨ರಲ್ಲಿ ಪ್ರಕಟಿಸಿದ ನೀತಿಯು, ಆಹಾರದ ಗುಣದಲ್ಲಿ ಗಣನೀಯವಾದ ಭೇದವಿಲ್ಲದಿದ್ದರೆ, ಅದನ್ನು ತಯಾರಿಸಿದ ವಿಧಾನದ ಕಾರಣದಿಂದ ಮಾತ್ರ ವಿಶೇಷ ಗುರುತು ಬೇಕಿಲ್ಲವೆಂದು ಹೇಳಿತು. ೧೯೯೪ರಲ್ಲಿ ಕ್ಯಾಲ್ಜೀನ್ ಸಂಸ್ಥೆಯ ‘ಫ್ಲೇವರ್ ಸೇವರ್’ ಟೊಮೇಟೊ ಹಣ್ಣಿಗೆ ಅಲ್ಲಿ ಅನುಮತಿ ದೊರೆಯಿತು. ಬ್ರಿಟನ್ನಿನಲ್ಲಿ ೧೯೯೬ರಲ್ಲಿ ಕುಲಾಂತರಿ ಟೊಮೇಟೊ ತಿರುಳು ಡಬ್ಬಿಗಳಲ್ಲಿ ಮಾರಾಟಕ್ಕೆ ಬಂದಿತು. ಡಬ್ಬಿಯ ಮೇಲೆ ಅದರ ಸ್ವರೂಪವು ಸ್ಪಷ್ಟವಾಗಿ ಮುದ್ರಿತವಾಗಿತ್ತು. ಬೆಲೆಯೂ ಸಾಮಾನ್ಯ ಡಬ್ಬಿಗಿಂತ ಅಗ್ಗವಾಗಿತ್ತು. ಜನರು ತಿಳಿದೇ ಅದನ್ನು ಕೊಂಡರು. ಅದೇ ವರ್ಷದ ಕೊನೆಯಲ್ಲಿ ಅಮೆರಿಕದಿಂದ ಬಂದ ಸೋಯಾ ಅವರೆಯಲ್ಲಿ ಕುಲಾಂತರಿ ಕಾಳೂ ಸಾಮಾನ್ಯ ಕಾಳೂ ಬೇರ್ಪಡಿಸದೆ ಬೆರೆತಿದ್ದವು. ದನಗಳ ಮೆದುಳಿನ ರೋಗವು ಮನುಷ್ಯರಿಗೂ ತಗಲಬಹುದೆಂದು ೧೯೯೬ರ ಮಾರ್ಚಿಯಲ್ಲಿ ಸರ್ಕಾರವು ಒಪ್ಪಿಕೊಂಡಿದ್ದುದರಿಂದ ಆಹಾರದ ವಿಷಯದಲ್ಲಿ ಅಧಿಕಾರಿಗಳ ಮಾತಿನ ಮೇಲಣ ನಂಬಿಕೆಯು ಆಗಲೇ ಕುಂದಿತ್ತು. ೧೯೯೯ರ ವೇಳೆಗೆ ಗುರುತುಳ್ಳ ಆ ಡಬ್ಬಿಗಳೂ ಅಂಗಡಿಗಳಿಂದ ಮರೆಯಾದುವು. ಮುಂದೆ ಐರೋಪ್ಯ ಒಕ್ಕೂಟವು ೨೦೦೩ರ ಕಟ್ಟಳೆಯಿಂದ ಶೇಕಡಾ ೦.೯ಕ್ಕೆ ಮೀರಿದ ಕುಲಾಂತರಿ ಅಂಶಕ್ಕೆ ಗುರುತನ್ನು ಕಡ್ಡಾಯಮಾಡಿತು. ಅಮೆರಿಕವು ೨೦೧೬ರಲ್ಲಿ ಶಾಸನವನ್ನು ಮಾಡಿ, ೨೦೨೨ರ ಜನವರಿಯಿಂದ ಅದನ್ನು ಕಡ್ಡಾಯವಾಗಿ ಆಚರಣೆಗೆ ತಂದಿತು.

ಈ ವೃತ್ತಾಂತದಿಂದ ವ್ಯಕ್ತವಾಗುವುದೇನೆಂದರೆ, ಜನರ ಅಸಮಾಧಾನಕ್ಕೆ ಹೊಸ ಪದಾರ್ಥದ ಭಯವೊಂದೇ ಕಾರಣವಾಗಿರಲಿಲ್ಲ. ತಮಗೆ ತಿಳಿಸದೆ ಅದನ್ನು ತಮ್ಮ ತಟ್ಟೆಗೆ ಬಡಿಸಲಾಯಿತೆಂಬ ಭಾವನೆಯೂ ಅಷ್ಟೇ ಬಲವಾದ ಕಾರಣವಾಗಿತ್ತು. ಆದರೆ ಈ ಎಲ್ಲ ಏರ್ಪಾಡುಗಳೂ ಡಬ್ಬಿ, ಪೊಟ್ಟಣ, ಚೀಟಿ ಇವುಗಳನ್ನು ಆಧರಿಸಿದುವು. ಪೊಟ್ಟಣವೇ ಇಲ್ಲದ ಪೇಟೆಯಲ್ಲಿ ಗುರುತನ್ನು ಎಲ್ಲಿ ಅಂಟಿಸಬೇಕು? ಭಾರತದಲ್ಲಿ ಉದ್ಭವಿಸಿದ್ದು ಈ ಪ್ರಶ್ನೆ.

ಬದನೆಯು ನಮ್ಮ ನಾಡಿನಲ್ಲಿ ಬಹು ಪ್ರಾಚೀನ ಕಾಲದಿಂದ ಬೆಳೆದು ಬಂದ ಕಾಯಿ. ಅದರ ದೊಡ್ಡ ಶತ್ರು ಕುಡಿಯನ್ನೂ ಕಾಯನ್ನೂ ಕೊರೆಯುವ ಹುಳು. ಕಾಯೊಳಗೆ ಸೇರಿದ ಹುಳುವಿಗೆ ಔಷಧಿ ತಾಗುವುದಿಲ್ಲವಾದುದರಿಂದ ರೈತನು ಪದೇ ಪದೇ ವಿಷವನ್ನು ಸಿಂಪಡಿಸುತ್ತಾನೆ. ಇದಕ್ಕೆ ಪರಿಹಾರವೆಂದು ‘ಬ್ಯಾಸಿಲಸ್ ತುರಿಂಜಿಯೆನ್ಸಿಸ್’ ಎಂಬ ಅಣುಜೀವಿಯ ವಂಶವಾಹಿಯನ್ನು ಬದನೆಗೆ ಸೇರಿಸಲಾಯಿತು. ಈ ಅಣುಜೀವಿಯನ್ನು ೧೯೦೧ರಲ್ಲಿ ಜಪಾನಿನ ಇಷಿವಾತನು ರೋಗಪೀಡಿತವಾದ ರೇಷ್ಮೆಹುಳುಗಳಲ್ಲಿ ಕಂಡಿದ್ದನು. ೧೯೧೧ರಲ್ಲಿ ಬರ್ಲಿನರನು ಹಿಟ್ಟಿನ ಪತಂಗದ ಹುಳುವಿನಲ್ಲಿ ಅದನ್ನು ಮರಳಿ ಕಂಡನು. ಜರ್ಮನಿಯ ತುರಿಂಜಿಯ ಪ್ರಾಂತದಿಂದ ಅದಕ್ಕೆ ಹೆಸರು ಬಂದಿತು. ಅದರ ವಂಶವಾಹಿಯನ್ನು ಪಡೆದ ಗಿಡವು ಹುಳುವಿಗೆ ಮಾರಕವಾದ ಪ್ರೋಟೀನನ್ನು ತನ್ನಲ್ಲಿಯೇ ಉತ್ಪಾದಿಸುತ್ತದೆ. ನಮ್ಮ ದೇಶದಲ್ಲಿ ೨೦೦೨ರ ಮಾರ್ಚಿಯಲ್ಲಿ ಅನುಮತಿ ಪಡೆದ ಬಿ.ಟಿ. ಹತ್ತಿಯ ತತ್ತ್ವವೂ ಇದೇ.

ಬಿ.ಟಿ. ಬದನೆಯನ್ನು ಸಿದ್ಧಪಡಿಸಿದವರು ಮಹಿಕೊ ಸಂಸ್ಥೆಯವರು. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಕೊಯಮುತ್ತೂರಿನ ವಿಶ್ವವಿದ್ಯಾಲಯವೂ ಈ ಕಾರ್ಯದಲ್ಲಿ ಸೇರಿದ್ದವು. ಧಾರವಾಡದಲ್ಲಿ ಆರಿಸಿಕೊಂಡ ತಳಿಗಳಲ್ಲಿ ಕುಡಚಿ, ರಬಕವಿ ಮೊದಲಾದ ಸ್ಥಳಗಳ ಹೆಸರಿನವೂ ಉಡುಪಿಯ ಗುಳ್ಳವೂ ಇದ್ದುವು. ಸ್ಥಳೀಯ ತಳಿಗಳನ್ನು ೨೦೦೨ರ ಜೀವವೈವಿಧ್ಯ ಶಾಸನವು ವಿಧಿಸುವ ಅನುಮತಿಯಿಲ್ಲದೆ ಬಳಸಲಾಯಿತೆಂಬ ದೂರು ೨೦೧೦ರಲ್ಲಿ ಕರ್ನಾಟಕದ ಜೀವವೈವಿಧ್ಯ ಮಂಡಳಿಯ ಮುಂದೆ ಬಂದು, ನ್ಯಾಯಾಲಯಗಳವರೆಗೂ ಹೋಯಿತು.

೨೦೦೯ರ ಅಕ್ಟೋಬರ್ ೧೪ರಂದು ಜೆನೆಟಿಕ್ ಇಂಜಿನಿಯರಿಂಗ್ ಅನುಮೋದನ ಸಮಿತಿಯು ಬಿ.ಟಿ. ಬದನೆಯ ವಾಣಿಜ್ಯ ಬಿಡುಗಡೆಗೆ ಸಮ್ಮತಿಯಿತ್ತಿತು. ಆಗಿನ ಪರಿಸರ ಸಚಿವರಾದ ಜೈರಾಮ್ ರಮೇಶರು ಸಮಿತಿಯ ತೀರ್ಮಾನವನ್ನು ಕೂಡಲೆ ಜಾರಿಗೆ ತರದೆ ಸಾರ್ವಜನಿಕರ ಅಭಿಪ್ರಾಯವನ್ನು ಕೇಳಿದರು. ೨೦೧೦ರ ಜನವರಿ ೧೩ರಿಂದ ಫೆಬ್ರವರಿ ೬ರವರೆಗೆ ಕಲ್ಕತ್ತಾ, ಭುವನೇಶ್ವರ, ಅಹಮದಾಬಾದು, ನಾಗಪುರ, ಚಂಡೀಗಢ, ಹೈದರಾಬಾದು, ಬೆಂಗಳೂರು ಈ ಏಳು ನಗರಗಳಲ್ಲಿ ಸಭೆಗಳು ನಡೆದುವು. ಸುಮಾರು ೮,೦೦೦ ಜನರು ಭಾಗವಹಿಸಿದರು. ಕರ್ನಾಟಕವೂ ಸೇರಿದಂತೆ ಅನೇಕ ರಾಜ್ಯ ಸರ್ಕಾರಗಳು ಆತುರ ಬೇಡವೆಂದು ತಿಳಿಸಿದುವು. ಫೆಬ್ರವರಿ ೯ರಂದು ಸಚಿವರು ಬಿಡುಗಡೆಯನ್ನು ತಡೆಹಿಡಿದರು. ವಿಜ್ಞಾನಿಗಳಲ್ಲಿ ಏಕಾಭಿಪ್ರಾಯವಿಲ್ಲ, ತಯಾರಕರಿಂದ ಸ್ವತಂತ್ರವಾದ ಪರೀಕ್ಷೆಗಳು ಸಾಲವು, ಜನರ ಮನಸ್ಸು ಒಲಿದಿಲ್ಲ, ಆದಕಾರಣ ಎಚ್ಚರಿಕೆಯೇ ಯುಕ್ತವೆಂಬುದು ಅವರ ವಾದಸರಣಿ. ಅದೇ ವರ್ಷ ಸಮಿತಿಯ ಹೆಸರಿನಲ್ಲಿದ್ದ ‘ಅನುಮೋದನ’ ಎಂಬ ಪದವು ಹೋಗಿ, ಗುಣದೋಷ ವಿಮರ್ಶೆಯನ್ನು ಸೂಚಿಸುವ ಪದವು ಬಂದಿತು.

ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ನಮ್ಮ ಸಂತೆಗಳಲ್ಲಿ ಬದನೆಕಾಯಿಯು ಬುಟ್ಟಿಯಲ್ಲಿಯೋ ಗೋಣಿಯ ಮೇಲೆಯೋ ರಾಶಿಯಾಗಿ ಬೀಳುತ್ತದೆ. ಅದನ್ನು ಕೊಳ್ಳುವವರು ಆಕಾರ, ಬಣ್ಣ, ಮುಳ್ಳು, ಊರಿನ ಹೆಸರು, ಮಾರುವವಳ ಮಾತು ಇವುಗಳಿಂದ ಗುರುತಿಸುತ್ತಾರೆ. ಉಡುಪಿಯ ಸಮೀಪದ ಮಟ್ಟು ಗ್ರಾಮದ ಗುಳ್ಳವು ದುಂಡಗೆ, ತಿಳಿಹಸುರಾಗಿ, ತೊಟ್ಟಿನಲ್ಲಿ ಮುಳ್ಳುಳ್ಳದ್ದು. ಹದಿನಾರನೆಯ ಶತಮಾನದ ಸೋದೆ ಮಠದ ವಾದಿರಾಜ ಯತಿಗಳು ಅದರ ಬೀಜವನ್ನು ಅಲ್ಲಿನವರಿಗೆ ಅನುಗ್ರಹಿಸಿದರೆಂದು ಐತಿಹ್ಯವಿದೆ. ಕೃಷ್ಣಮಠದ ಪರ್ಯಾಯೋತ್ಸವಕ್ಕೆ ಅದು ಸಲ್ಲುತ್ತದೆ. ಐತಿಹ್ಯವನ್ನು ಚರಿತ್ರೆಯೆಂದು ಒಪ್ಪಬೇಕಾಗಿಲ್ಲ. ಆದರೆ ಒಂದು ಕಾಯಿಗೆ ಊರು, ಕಥೆ, ಹುಳಿಯ ರುಚಿ ಇವೆಲ್ಲವೂ ಸೇರಿ ಗುರುತಾಗಿದ್ದುವೆಂಬುದಕ್ಕೆ ಅದು ಪ್ರಮಾಣ. ೨೦೧೧ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಕದ ಮನ್ನಣೆ ದೊರೆತುದು ಈ ಹಳೆಯ ಗುರುತಿಗೆ ಶಾಸನದ ಮುದ್ರೆಯೊತ್ತಿದಂತಾಯಿತು. ಅದೇ ಗುಳ್ಳದೊಳಕ್ಕೆ ಹೊಸ ವಂಶವಾಹಿಯು ಸೇರಿದ್ದರೆ, ಹೊರಗಣ ಈ ಗುರುತುಗಳೆಲ್ಲ ಹಾಗೆಯೇ ಉಳಿದು, ಒಳಗಣ ಭೇದವನ್ನು ತಿಳಿಸಲಾರದೆ ಹೋಗುತ್ತಿದ್ದುವು.

ಪ್ರತಿಪಕ್ಷದ ವಾದವನ್ನೂ ನ್ಯಾಯವಾಗಿ ಹೇಳಬೇಕು. ಬದನೆಯನ್ನು ತಿನ್ನುವವನಿಗೆ ಆಯ್ಕೆಯಿದ್ದಂತೆ ಬೆಳೆಯುವವನಿಗೂ ಆಯ್ಕೆಯುಂಟು. ವಿಷವನ್ನು ಸಿಂಪಡಿಸುವವನೂ ಅದನ್ನು ಉಸಿರಾಡುವವನೂ ರೈತನೇ. ಸಿಂಪಡಿಸಿದ ವಿಷದ ಶೇಷವು ಕಾಯಿಯಲ್ಲಿ ಎಷ್ಟಿದೆಯೆಂದು ತಿಳಿಸುವ ಚೀಟಿಯೂ ಸಂತೆಯಲ್ಲಿಲ್ಲ. ಬಾಂಗ್ಲಾದೇಶವು ೨೦೧೩ರ ಅಕ್ಟೋಬರಿನಲ್ಲಿ ಇದೇ ಬದನೆಗೆ ಅನುಮತಿಯಿತ್ತು, ೨೦೧೪ರ ಜನವರಿಯಲ್ಲಿ ೨೦ ಮಂದಿ ರೈತರಿಗೆ ಸಸಿಗಳನ್ನು ಹಂಚಿ ಪ್ರಾರಂಭಿಸಿತು. ಕ್ರಮೇಣ ಸಾವಿರಾರು ರೈತರು ಅದನ್ನು ಬೆಳೆದರು. ೨೦೧೯ರಲ್ಲಿ ಹರಿಯಾಣದ ಫತೇಹಾಬಾದಿನ ಹೊಲವೊಂದರಲ್ಲಿ ಅನುಮತಿಯಿಲ್ಲದ ಬಿ.ಟಿ. ಬದನೆಯು ಪತ್ತೆಯಾಯಿತು. ತಡೆಯು ಕಾಗದದ ಮೇಲಿದ್ದಾಗ್ಯೂ ಬೀಜವು ಹೊಲವನ್ನು ಸೇರಿತ್ತು. ಕೊಳ್ಳುವವನ ಪಾಲಿಗೆ ಇದು ಅತ್ಯಂತ ಕೆಟ್ಟ ಸ್ಥಿತಿ. ಏಕೆಂದರೆ ಇಲ್ಲಿ ಪರೀಕ್ಷೆಯೂ ಇಲ್ಲ, ಗುರುತೂ ಇಲ್ಲ, ಹೊಣೆಗಾರನೂ ಇಲ್ಲ.

ಶಾಸನದ ಕಡೆಗೆ ನೋಡಿದರೆ, ೨೦೦೬ರ ಆಹಾರ ಸುರಕ್ಷತಾ ಶಾಸನದ ೨೨ನೆಯ ಪ್ರಕರಣವು ಕುಲಾಂತರಿ ಆಹಾರವನ್ನು ನಿಯಮಗಳು ಅನುಮತಿಸಿದ ಹೊರತು ಮಾರಕೂಡದೆನ್ನುತ್ತದೆ. ೨೦೧೩ರ ಜನವರಿ ೧ರಿಂದ ಜಾರಿಗೆ ಬಂದ ನಿಯಮವು, ಕುಲಾಂತರಿ ಆಹಾರವುಳ್ಳ ಪೊಟ್ಟಣದ ಮುಖದ ಮೇಲ್ಭಾಗದಲ್ಲಿ ‘ಜಿ.ಎಂ.’ ಎಂಬ ಅಕ್ಷರಗಳಿರಬೇಕೆಂದು ವಿಧಿಸಿತು. ೨೦೨೧ರ ಮಾರ್ಚಿಯಿಂದ ಆಮದಾಗುವ ೨೪ ಬಗೆಯ ಬೆಳೆಗಳಿಗೆ, ಶೇಕಡಾ ೧ರ ವಿನಾಯಿತಿಯೊಡನೆ, ಅವು ಕುಲಾಂತರಿಯಲ್ಲವೆಂಬ ಪ್ರಮಾಣಪತ್ರವು ಬೇಕಾಯಿತು. ಆದರೆ ಪೊಟ್ಟಣದ ನಿಯಮವು ಬುಟ್ಟಿಯ ಕಾಯಿಯನ್ನು ಮುಟ್ಟುವುದಿಲ್ಲ. ಅದಲ್ಲದೆ ದೇಶದ ಹತ್ತಿಯ ಬಹುಭಾಗವು ಬಿ.ಟಿ. ಆಗಿರುವಾಗ, ಹತ್ತಿಬೀಜದ ಎಣ್ಣೆಯು ಅಡುಗೆಗೆ ಸೇರುತ್ತಲೇ ಬಂದಿದೆ. ಶುದ್ಧೀಕರಿಸಿದ ಎಣ್ಣೆಯಲ್ಲಿ ಪ್ರೋಟೀನು ಉಳಿಯುವುದು ಇಲ್ಲವೆಂಬಷ್ಟು ಅಲ್ಪವೆಂಬುದು ನಿಜ. ಆದರೂ ಅದು ಯಾವ ಬೀಜದ್ದೆಂದು ತಿಳಿಯಬಯಸುವವನಿಗೆ ಆ ಮಾತು ಪೂರ್ಣ ಸಮಾಧಾನವಾಗದು. ಸಾಸುವೆಯ ವ್ಯಾಜ್ಯದಲ್ಲಿ ೨೦೨೪ರ ಜುಲೈ ೨೩ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು, ನಾಗರತ್ನ ಮತ್ತು ಸಂಜಯ್ ಕರೋಲ್, ಅನುಮತಿಯ ವಿಷಯದಲ್ಲಿ ಭಿನ್ನಾಭಿಪ್ರಾಯ ತಾಳಿದರು. ಆದರೆ ರಾಷ್ಟ್ರೀಯ ನೀತಿಯೊಂದು ರಚಿತವಾಗಬೇಕೆಂಬುದರಲ್ಲಿಯೂ, ಆಮದಾಗುವ ಕುಲಾಂತರಿ ಆಹಾರ ಮತ್ತು ಎಣ್ಣೆಗಳ ಪೊಟ್ಟಣ ಹಾಗೂ ಗುರುತಿನ ವಿಧಿಯನ್ನು ಪಾಲಿಸಬೇಕೆಂಬುದರಲ್ಲಿಯೂ ಇಬ್ಬರೂ ಏಕಮತದವರಾದರು.

ಮೇಲ್ಕಂಡ ಸಂಗತಿಗಳಿಂದ ಎರಡು ನಿರ್ಣಯಗಳಿಗೆ ಬರಬಹುದಾಗಿದೆ. ಒಂದನೆಯದು: ೨೦೧೦ರ ಏಳು ಸಭೆಗಳು ಭಾರತದಲ್ಲಿ ಗುರುತಿನ ಚೀಟಿಯ ಸ್ಥಾನವನ್ನು ತುಂಬಿದುವು. ಅಂಗಡಿಯಲ್ಲಿ ಒಬ್ಬೊಬ್ಬನೂ ಮಾಡಲಾರದ ಆಯ್ಕೆಯನ್ನು ಸಭೆಯಲ್ಲಿ ಎಲ್ಲರೂ ಸೇರಿ ಮಾಡಬೇಕಾಯಿತು. ಆ ತೀರ್ಮಾನವು ವಿಜ್ಞಾನಕ್ಕೆ ವಿರುದ್ಧವೆಂದು ಕೆಲವರು ಆಕ್ಷೇಪಿಸಿದ್ದಾರೆ. ಆದರೆ ಬೇರೊಂದು ಸಾಧನವಿಲ್ಲದಿದ್ದುದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಂತೆ ತೋರುವುದಿಲ್ಲ. ಎರಡನೆಯದು: ಸಭೆಯ ಆಯ್ಕೆಯು ಎಲ್ಲರನ್ನೂ ಒಂದೇ ದಾರಿಗೆ ಕಟ್ಟುತ್ತದೆ, ಬೇಕೆನ್ನುವ ರೈತನಿಗೂ ಬೇಡವೆನ್ನುವ ಗೃಹಿಣಿಗೂ ಪ್ರತ್ಯೇಕವಾದ ಅವಕಾಶವನ್ನು ಅದು ಕೊಡಲಾರದು. ಆ ಅವಕಾಶವು ದೊರೆಯಬೇಕಾದರೆ ಹೊಲದಿಂದ ಸಂತೆಯವರೆಗೆ ಬೀಜದ ಜಾಡನ್ನು ಹಿಡಿಯುವ ವ್ಯವಸ್ಥೆಯು ಬೇಕು. ತಯಾರಕರಿಗೆ ಅಧೀನವಲ್ಲದ ಪರೀಕ್ಷಾಲಯಗಳೂ ಬೇಕು. ೨೦೧೦ರ ಆಜ್ಞೆಯು ಸ್ವತಂತ್ರ ಪರೀಕ್ಷೆಯನ್ನು ನಿರೀಕ್ಷಿಸಿ ತಡೆಯನ್ನು ವಿಧಿಸಿತ್ತು. ಆ ಕಾರ್ಯವು ಎಷ್ಟು ಕಾಲ ತಡವಾಗುವುದೋ ಅಷ್ಟು ಕಾಲವೂ ಈ ವಿಷಯದಲ್ಲಿ ನಮ್ಮ ಜನರ ಸಮ್ಮತಿಯಾಗಲಿ ನಿರಾಕರಣೆಯಾಗಲಿ ಅರಿತು ಮಾಡಿದುದೆನಿಸಲಾರದು.