ಮೀಡಿಯಾ ಸ್ಟೋರ್ ಸ್ಥಳಾಂತರ (ಮ್ಯಾಟ್ರಿಕ್ಸ್)

ಸ್ವಂತ ಸರ್ವರ್‌ನಲ್ಲಿ ನಡೆಸುವ ಮ್ಯಾಟ್ರಿಕ್ಸ್ ಚಾಟ್‌ನ ಫೋಟೊ, ವಿಡಿಯೊ, ಕಡತಗಳನ್ನು ಹೊಸ ಯಂತ್ರಕ್ಕೆ ಸಾಗಿಸುವ ಕ್ರಿಯೆ. ಮ್ಯಾಟ್ರಿಕ್ಸ್ ಸರ್ವರ್ ನಡೆಸುವ ಸಿನಾಪ್ಸ್ ತಂತ್ರಾಂಶದಲ್ಲಿ ಕಡತಗಳು ಸಾಮಾನ್ಯವಾಗಿ ಡಿಸ್ಕ್‌ನಲ್ಲಿ, ಅವುಗಳ ವಿವರ ಡೇಟಾಬೇಸ್‌ನಲ್ಲಿ ಇರುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಒಯ್ದರೆ ಚಿತ್ರ ತೆರೆಯದು. ಕಡತದ ಗುರುತಿನ ಮೊದಲೆರಡು ಅಕ್ಷರ ಒಂದು ಫೋಲ್ಡರ್, ಮುಂದಿನೆರಡು ಅದರೊಳಗಿನ ಫೋಲ್ಡರ್, ಉಳಿದದ್ದು ಕಡತದ ಹೆಸರು. ಈ ಜೋಡಣೆ ಕೆಡಬಾರದು. ಸರ್ವರ್ ಚಾಲೂ ಇರುವಾಗಲೇ ಆರ್‌ಸಿಂಕ್ ಎಂಬ ನಕಲು ಸಾಧನದಿಂದ ಬಹುಪಾಲು ನಕಲಿಸಿ, ನಿಲ್ಲಿಸಿದ ಮೇಲೆ ಮತ್ತೊಮ್ಮೆ ಓಡಿಸುವುದು ರೂಢಿ. ಬೇರೆ ಸರ್ವರ್‌ಗಳಿಂದ ಬಂದ ಪ್ರತಿಗಳನ್ನು ಮತ್ತೆ ತರಿಸಿಕೊಳ್ಳಬಹುದು. ಆದರೆ ಮೂಲ ಸರ್ವರ್ ಮುಚ್ಚಿದ್ದರೆ ಅದೂ ಇಲ್ಲ. ಜಾಗ ಉಳಿಸಲೆಂದು ಅವನ್ನು ಬಿಟ್ಟುಬರುವುದು ಅಷ್ಟೇನೂ ಜಾಣತನವಲ್ಲ. ಯಂತ್ರ ಬದಲಾದರೂ ಸರ್ವರ್ ಹೆಸರು ಬದಲಾಗುವಂತಿಲ್ಲ: ಪ್ರತಿ ಕಡತದ ವಿಳಾಸದಲ್ಲೂ ಅದು ಸೇರಿರುತ್ತದೆ.