ಲೈಂಗಿಕ ರೋಗಗಳ ನಿಯಂತ್ರಣ: ಭಾರತದ ಚರಿತ್ರೆ

ಸಿಫಿಲಿಸ್ (ಪರಂಗಿ ಹುಣ್ಣು), ಗೊನೋರಿಯಾ ಮೊದಲಾದ ಲೈಂಗಿಕ ರೋಗಗಳ ವಿರುದ್ಧ ಬ್ರಿಟಿಷ್ ಆಳ್ವಿಕೆಯ ಸರ್ಕಾರ ಕ್ರಮಕ್ಕಿಳಿದದ್ದು ಜನರ ಆರೋಗ್ಯದ ಕಾಳಜಿಯಿಂದಲ್ಲ, ಗೋರಾ ಸಿಪಾಯಿಗಳನ್ನು ದಂಡಿನ ಚಾಕರಿಗೆ ಅಣಿಯಾಗಿಡಲು. 19ನೆಯ ಶತಮಾನದ ಆರಂಭದಲ್ಲೇ ಮದ್ರಾಸ್ ಪ್ರಾಂತ್ಯದ ದಂಡುಗಳಲ್ಲಿ, ರೋಗ ಕಂಡ ವೇಶ್ಯೆಯರನ್ನು ಕೂಡಿಹಾಕಿ ಚಿಕಿತ್ಸೆ ಕೊಡುವ ‘ಲಾಕ್ ಆಸ್ಪತ್ರೆ’ಗಳು ಹುಟ್ಟಿಕೊಂಡವು. 1864ರ ಕಂಟೋನ್ಮೆಂಟ್ ಕಾಯ್ದೆ ಮತ್ತು 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಈ ಏರ್ಪಾಡಿಗೆ ಕಾನೂನಿನ ಬಲ ಕೊಟ್ಟವು. ವೇಶ್ಯೆಯರು ಹೆಸರು ನೋಂದಾಯಿಸಿ ಟಿಕೆಟ್ ಪಡೆಯಬೇಕು, ಗೊತ್ತುಪಡಿಸಿದ ದಿನ ದೇಹ ಪರೀಕ್ಷೆಗೆ ಬರಬೇಕು; ರೋಗ ಕಂಡರೆ ವಾಸಿಯಾಗುವ ತನಕ ಆಸ್ಪತ್ರೆ ಬಿಟ್ಟು ಹೊರಡುವಂತಿಲ್ಲ. ಆಗ ಸಿಫಿಲಿಸ್‌ಗೆ ಕೊಡುತ್ತಿದ್ದ ಮುಖ್ಯ ಮದ್ದು ಪಾದರಸ. ಅದರಿಂದ ವಸಡು ಹುಣ್ಣಾಗಿ, ಹಲ್ಲು ಅಲುಗಾಡಿ, ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು. ಇತ್ತ ಸಿಪಾಯಿಗಳ ನಿಯತ ತಪಾಸಣೆಯನ್ನು ಬ್ರಿಟಿಷ್ ಸೈನ್ಯ ತನ್ನ ದೇಶದಲ್ಲಿ 1859ರಲ್ಲೇ ಕೈಬಿಟ್ಟಿತ್ತು. ಅದು ಅವರ ಮಾನಕ್ಕೆ ಕುಂದೆಂಬ ಆಕ್ಷೇಪವಿತ್ತು. ಹೆಂಗಸಿನ ಮಾನದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ರೋಗ ಇಬ್ಬರಲ್ಲೂ ಇರುವಾಗ ಒಬ್ಬರನ್ನು ಮಾತ್ರ ಕೂಡಿಹಾಕಿದರೆ ಅದು ನಿಲ್ಲುವುದಾದರೂ ಹೇಗೆ?

ಪ್ರತಿಭಟನೆ ಮೊದಲು ಎದ್ದದ್ದು ಇಂಗ್ಲೆಂಡಿನಲ್ಲಿ. ಜೋಸೆಫಿನ್ ಬಟ್ಲರ್ ಮುಂದಾಳುತನದ ಹೋರಾಟದಿಂದ ಅಲ್ಲಿದ್ದ ಇಂಥವೇ ಕಾಯ್ದೆಗಳು 1886ರಲ್ಲಿ ರದ್ದಾದವು. ಅದೇ ವರ್ಷ ಭಾರತದ ಸೇನಾ ಕಚೇರಿಯೊಂದು, ಪಡೆಗಳ ಬಜಾರುಗಳಲ್ಲಿ ಸಾಕಷ್ಟು ಮಂದಿ, ಅದೂ ನೋಡಲು ಚೆನ್ನಾಗಿರುವ ಹೆಂಗಸರು ಇರುವಂತೆ ನೋಡಿಕೊಳ್ಳಿ ಎಂದು ಸುತ್ತೋಲೆ ಹೊರಡಿಸಿತ್ತು. ಅದು ಬಯಲಾದಾಗ ಲಂಡನ್ನಿನಲ್ಲಿ ಗದ್ದಲವೆದ್ದು, 1888ರಲ್ಲಿ ಭಾರತದ ಕಾಯ್ದೆಯೂ ಹೋಯಿತು. ಪದ್ಧತಿ ಮಾತ್ರ ಅಷ್ಟು ಸುಲಭವಾಗಿ ಹೋಗಲಿಲ್ಲ.

1910ರಲ್ಲಿ ಸಿಫಿಲಿಸ್‌ಗೆ ಪಾಲ್ ಎರ್ಲಿಖ್ ಅವರ ಹೊಸ ಮದ್ದು ಸಾಲ್ವರ್ಸಾನ್ ಮಾರುಕಟ್ಟೆಗೆ ಬಂತು. 1943ರಲ್ಲಿ ಪೆನಿಸಿಲಿನ್ ಸಿಫಿಲಿಸ್ ಅನ್ನು ಗುಣಪಡಿಸುತ್ತದೆಂದು ಅಮೆರಿಕದಲ್ಲಿ ಕಂಡುಕೊಂಡರು. ಕೂಡಿಹಾಕಲು ಇದ್ದ ನೆಪವೂ ಅಲ್ಲಿಗೆ ತೀರಬೇಕಿತ್ತು. ಆದರೆ ಎಚ್‌ಐವಿ ಬಂದೊಡನೆ ಹಳೆಯ ಚಾಳಿ ಮರಳಿತು. 1986ರಲ್ಲಿ ಚೆನ್ನೈಯಲ್ಲಿ ಸುನೀತಿ ಸಾಲೊಮನ್ ಅವರ ತಂಡ ದೇಶದ ಮೊದಲ ಎಚ್‌ಐವಿ ಸೋಂಕುಗಳನ್ನು ಪತ್ತೆಹಚ್ಚಿತು. 1989ರಲ್ಲಿ ಗೋವಾದ ಡೊಮಿನಿಕ್ ಡಿಸೋಜ ಅವರನ್ನು, ರಕ್ತದಾನದಿಂದ ಸೋಂಕು ಗೊತ್ತಾದ ಕಾರಣಕ್ಕೇ, ಅಲ್ಲಿನ ಸಾರ್ವಜನಿಕ ಆರೋಗ್ಯ ಕಾಯ್ದೆಯಡಿ ಹಳೆಯ ಕ್ಷಯರೋಗ ಆಸ್ಪತ್ರೆಯೊಂದರಲ್ಲಿ 64 ದಿನ ಬಂಧಿಸಿಟ್ಟರು.

ದಾರಿ ಬದಲಾದದ್ದು 1992ರ ನಂತರ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮ ಆ ವರ್ಷ ಶುರುವಾಯಿತು. ಕೋಲ್ಕತ್ತದ ಸೋನಾಗಾಚಿಯಲ್ಲಿ ವೈದ್ಯ ಸ್ಮರಜಿತ್ ಜಾನಾ ಲೈಂಗಿಕ ವೃತ್ತಿಯ ಮಹಿಳೆಯರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಕಟ್ಟಿ ನಿಲ್ಲಿಸಿದರು. ಮೈಸೂರಿನಲ್ಲಿ ‘ಆಶೋದಯ’ ಸಮಿತಿ ಅದೇ ಹಾದಿ ಹಿಡಿಯಿತು. ಈ ಚರಿತ್ರೆಯಲ್ಲಿ ನಿಜವಾದ ತಿರುವು ಇದೇ: ಸಿಫಿಲಿಸ್‌ಗೆ ಔಷಧಿ ಬಹಳ ಹಿಂದೆಯೇ ಸಿಕ್ಕಿತ್ತು, ಆಸ್ಪತ್ರೆಯ ಮೇಲೆ ನಂಬಿಕೆ ಸಿಕ್ಕಿದ್ದು ಈಗ.

ಸರ್ಕಾರಿ ಆಸ್ಪತ್ರೆಗಳ ‘ಸುರಕ್ಷಾ ಕ್ಲಿನಿಕ್’ಗಳಲ್ಲಿ ರೋಗಲಕ್ಷಣ ನೋಡಿ ಬಣ್ಣದ ಪೊಟ್ಟಣದಲ್ಲಿ ಮಾತ್ರೆ ಕೊಡುವ ಪದ್ಧತಿ ಬಂತು. ಬೂದು ಪೊಟ್ಟಣದಲ್ಲಿ ಅಜಿತ್ರೋಮೈಸಿನ್ ಮತ್ತು ಸೆಫಿಕ್ಸಿಮ್ ಇರುತ್ತವೆ, ಒಂದೇ ಸಲ ನುಂಗಿದರೆ ಮುಗಿಯಿತು. ಜೊತೆಗಾರರಿಗೂ ಚಿಕಿತ್ಸೆ ಕೊಡಬೇಕೆಂಬುದು ನಿಯಮ. ಒಪ್ಪಿಗೆಯಿಲ್ಲದ ಎಚ್‌ಐವಿ ಪರೀಕ್ಷೆಯನ್ನು 2017ರ ಕಾಯ್ದೆ ನಿಷೇಧಿಸಿತು. ಅದು ಜಾರಿಗೆ ಬಂದದ್ದು 2018ರ ಸೆಪ್ಟೆಂಬರಿನಲ್ಲಿ.